ನೆರೆಯ ಬೆಟ್ಟದ ಸಿಂಹ

ನಮ್ಮ ಮೈಸೂರು ಬೆಂಗಳೂರುಗಳಲ್ಲಿ ಅಮೆರಿಕಕ್ಕೆ ಹೋಗಿಬಂದವರಿಲ್ಲದ ಬೀದಿ ಈಗ ಅಪೂರ್ವವಾಗಿದೆ. ಮಗನೋ ಮಗಳೋ ಕ್ಯಾಲಿಫೋರ್ನಿಯಾ ಸಂಸ್ಥಾನದ ಸಾಂಟಾ ಕ್ಲಾರಾ ಕಣಿವೆಯಲ್ಲಿ ಉದ್ಯೋಗದಲ್ಲಿರುವರು. ತಂದೆತಾಯಿಗಳು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುವರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೋ ಲಾಲ್‌ಬಾಗಿನಲ್ಲೋ ಬೆಳಗಿನ ಹೊತ್ತು ನಡೆದಾಡಿದ ಅಭ್ಯಾಸಬಲದಿಂದ ಅಲ್ಲಿಯೂ ನಸುಕಿನಲ್ಲೆದ್ದು ಹೊರಡುವರು. ಕ್ಯೂಪರ್ಟಿನೋ, ಸಾರಾಟೋಗಾ ಮೊದಲಾದ ಊರುಗಳ ಬೆನ್ನಿಗೇ ಸಾಂಟಾ ಕ್ರೂಜ್ ಪರ್ವತಗಳಿವೆ. ಬೆಟ್ಟವನ್ನು ಹತ್ತುವ ಕಾಲುದಾರಿಗಳ ಮೊದಲಿನಲ್ಲಿ ಒಂದು ಹಲಗೆಯನ್ನು ನೆಟ್ಟಿರುವುದುಂಟು. ಇದು ಬೆಟ್ಟದ ಸಿಂಹಗಳಿರುವ ಪ್ರದೇಶ, ಮಕ್ಕಳನ್ನು ಹತ್ತಿರದಲ್ಲಿರಿಸಿಕೊಳ್ಳಿರಿ, ಮೃಗವು ಎದುರಾದರೆ ಓಡಬೇಡಿರಿ ಎಂಬುದು ಅದರ ಸಾರಾಂಶ. ಮೊದಲನೆಯ ಮಾತನ್ನೋದಿ ಎದೆ ನಡುಗಿದವರಿಗೆ ಕೊನೆಯ ಮಾತು ಪರಿಹಾಸದಂತೆ ತೋರಬಹುದು. ಕ್ರೂರಮೃಗವು ಎದುರು ನಿಂತಿರುವಾಗ ಓಡದೆ ನಿಲ್ಲುವ ಧೀರರು ಎಷ್ಟು ಮಂದಿ? ಆದರೆ ಆ ಹಲಗೆಯ ಮಾತು ಧೈರ್ಯವಂತರಿಗಾಗಿ ಬರೆದುದಲ್ಲ. ಆ ಪ್ರಾಣಿಯ ಸ್ವಭಾವವನ್ನು ಅರಿತು ಬರೆದುದು. ಆ ಸ್ವಭಾವವೆಂಥದು, ಆ ನಿಯಮಗಳಿಗೆ ಆಧಾರವೇನು, ಮನೆಯ ಹತ್ತಿರಕ್ಕೆ ಬಂದ ಮೃಗದೊಡನೆ ಮನುಷ್ಯನು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಈ ಭಾಷಣದಲ್ಲಿ ನಾವು ವಿಚಾರ ಮಾಡೋಣ.

ಮೊದಲು ಹೆಸರಿನ ವಿಷಯ. ಬೆಟ್ಟದ ಸಿಂಹವು ಸಿಂಹವಲ್ಲ. ಅಮೆರಿಕ ಖಂಡಕ್ಕೆ ಬಂದ ಐರೋಪ್ಯರು ಅದರ ಕಂದುಬಣ್ಣದ ಮೈಯನ್ನು ಕಂಡು ತಮಗೆ ತಿಳಿದಿದ್ದ ಹೆಸರನ್ನು ಅದಕ್ಕೆ ಅಂಟಿಸಿದರು. ದಕ್ಷಿಣ ಅಮೆರಿಕದ ಇಂಕಾ ಜನರ ಭಾಷೆಯಲ್ಲಿ ಇದಕ್ಕೆ ಪ್ಯೂಮಾ ಎಂದು ಹೆಸರು. ಕೂಗರ್ ಎಂದರೂ, ಫ್ಲಾರಿಡಾ ಸಂಸ್ಥಾನದಲ್ಲಿ ಪ್ಯಾಂಥರ್ ಎಂದರೂ ಇದೇ ಪ್ರಾಣಿ. 1771ರಲ್ಲಿ ಲಿನಿಯಸ್ ಪಂಡಿತನು ಇದಕ್ಕೆ ‘ಏಕವರ್ಣದ ಬೆಕ್ಕು’ ಎಂಬರ್ಥದ ಶಾಸ್ತ್ರೀಯ ನಾಮವನ್ನು ಕೊಟ್ಟನು. ಆ ಹೆಸರು ಬಹು ಚೆನ್ನಾಗಿ ಒಪ್ಪುತ್ತದೆ. ನಮ್ಮ ಚಿರತೆಯ ಮೈಮೇಲಿರುವ ಹೂವಿನಂಥ ಮಚ್ಚೆಗಳು ಇದಕ್ಕಿಲ್ಲ. ಸಿಂಹದ ಕೇಸರವೂ ಇಲ್ಲ. ಮರಿಗಳ ಮೈಮೇಲೆ ಮಾತ್ರ ಚುಕ್ಕೆಗಳಿದ್ದು, ಬೆಳೆದಂತೆಲ್ಲ ಅವು ಮಾಸಿಹೋಗುತ್ತವೆ. ಕ್ಯಾಲಿಫೋರ್ನಿಯದ ಬೆಳೆದ ಗಂಡು 130ರಿಂದ 150 ಪೌಂಡು ತೂಗುವುದು. ಹೆಣ್ಣು 65ರಿಂದ 90 ಪೌಂಡು. ಮೂಗಿನಿಂದ ಬಾಲದ ತುದಿಯವರೆಗೆ ಅಳೆದರೆ ಗಂಡು 8 ಅಡಿಗೂ ಮೀರುವುದುಂಟು. ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಬಾಲವೇ. ತುದಿ ಕಪ್ಪಾದ ಆ ನೀಳವಾದ ಬಾಲವೇ ಇದರ ಗುರುತು. ಸಿಂಹ, ಹುಲಿ, ಚಿರತೆಗಳಂತೆ ಇದು ಗರ್ಜಿಸಲಾರದು. ಮನೆಯ ಬೆಕ್ಕಿನಂತೆ ಗುರುಗುಟ್ಟಬಲ್ಲದು. ವಂಶವಿಚಾರದಲ್ಲಿ ಇದು ಸಿಂಹಕ್ಕಿಂತ ಚೀತಾ ಮೃಗಕ್ಕೆ ಹೆಚ್ಚು ಹತ್ತಿರದ ನೆಂಟ. ಉತ್ತರದಲ್ಲಿ ಕೆನಡಾದ ಯೂಕಾನ್ ಪ್ರಾಂತದಿಂದ ದಕ್ಷಿಣದಲ್ಲಿ ಚಿಲಿ ದೇಶದ ತುದಿಯವರೆಗೆ ಇದು ಹರಡಿಕೊಂಡಿದೆ.

ಇಂಥ ಪ್ರಾಣಿ ಮನೆಗಳ ಬಳಿಗೆ ಬರುವುದೇಕೆ? ಪ್ರಶ್ನೆಯನ್ನು ತಿರುಗಿಸಿ ಕೇಳುವುದೂ ನ್ಯಾಯವೇ: ಮನೆಗಳು ಅದರ ಬಳಿಗೆ ಹೋದುದೇಕೆ? ಸಾರಾಟೋಗಾದ ಪಕ್ಕದಲ್ಲಿ ಲಾಸ್ ಗಾಟೋಸ್ ಎಂಬ ಊರಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ‘ಬೆಕ್ಕುಗಳು’. ಅಲ್ಲಿನ ಬೆಟ್ಟಗಳಲ್ಲಿದ್ದ ಕಾಡುಬೆಕ್ಕುಗಳಿಂದಲೂ ಪ್ಯೂಮಾಗಳಿಂದಲೂ ಊರಿಗೆ ಆ ಹೆಸರು ಬಂದಿತು. ಮೊದಲು ಕಣಿವೆಯಲ್ಲಿದ್ದ ಜನವಸತಿ ಕ್ರಮೇಣ ಇಳಿಜಾರುಗಳನ್ನು ಹತ್ತಿತು. ಮನೆಗಳ ಸುತ್ತ ಹೂದೋಟಗಳೆದ್ದುವು. ಬೇಸಗೆಯಲ್ಲಿ ಬೆಟ್ಟವೆಲ್ಲ ಒಣಗಿದಾಗಲೂ ತೋಟಗಳು ಹಸುರಾಗಿರುವುದರಿಂದ ಕಪ್ಪುಬಾಲದ ಜಿಂಕೆಗಳು ಅಲ್ಲಿಗೆ ಬಂದುವು. ಜಿಂಕೆಯೇ ಪ್ಯೂಮಾದ ಮುಖ್ಯಾಹಾರ. ವಾರಕ್ಕೆ ಸುಮಾರು ಒಂದು ಜಿಂಕೆ ಅದಕ್ಕೆ ಬೇಕು. ಜಿಂಕೆಯಿದ್ದಲ್ಲಿಗೆ ಪ್ಯೂಮಾ ಬರುವುದು. ಇದರಲ್ಲಿ ವೈರವೂ ಇಲ್ಲ, ಆಶ್ಚರ್ಯವೂ ಇಲ್ಲ. ಇದಲ್ಲದೆ ಒಂದೊಂದು ಗಂಡಿಗೂ ನೂರು ಚದರ ಮೈಲಿಗೂ ಹೆಚ್ಚಿನ ಸೀಮೆ ಬೇಕಾಗುತ್ತದೆ; ತನ್ನ ಸೀಮೆಯಲ್ಲಿ ಮತ್ತೊಂದು ಗಂಡನ್ನು ಅದು ಸಹಿಸದು. ಒಂದೆರಡು ವರ್ಷಗಳಾಗುತ್ತಲೇ ತಾಯಿಯಿಂದ ಬೇರ್ಪಟ್ಟ ಮರಿಗಳು ಹೊಸ ನೆಲೆಯನ್ನು ಹುಡುಕಿಕೊಂಡು ಅಲೆಯಬೇಕು. ಬೇಟೆಯಲ್ಲಿ ಇನ್ನೂ ಪಳಗದ, ಹಸಿದ ಈ ಎಳೆಯ ಪ್ಯೂಮಾಗಳೇ ಎಷ್ಟೋ ವೇಳೆ ಊರಿನೊಳಕ್ಕೆ ಬಂದು ಸಿಕ್ಕಿಕೊಳ್ಳುತ್ತವೆ.

ಹಾಗಾದರೆ ಅಪಾಯವೆಷ್ಟು? ಇಲ್ಲವೆನ್ನುವುದು ಸುಳ್ಳು, ಬಹಳವೆನ್ನುವುದೂ ಸುಳ್ಳು. 2014ರ ಸೆಪ್ಟೆಂಬರಿನಲ್ಲಿ ಕ್ಯೂಪರ್ಟಿನೋ ಊರಿನ ಬೆಟ್ಟದ ದಾರಿಯಲ್ಲಿ, ಹಿರಿಯರಿಗಿಂತ ಕೊಂಚ ಮುಂದೆ ನಡೆಯುತ್ತಿದ್ದ 6 ವರ್ಷದ ಹುಡುಗನನ್ನು ಎಳೆಯ ಗಂಡು ಪ್ಯೂಮಾ ಹಿಡಿಯಿತು. ದೊಡ್ಡವರು ಕೂಗುತ್ತ ನುಗ್ಗಿದುದರಿಂದ ಅದು ಬಿಟ್ಟೋಡಿತು, ಮಗು ಬದುಕಿತು. 2020ರ ಫೆಬ್ರವರಿಯಲ್ಲಿ ಅದೇ ಸೀಮೆಯ ರ‍್ಯಾಂಚೋ ಸಾನ್ ಆಂಟೋನಿಯೋ ವನದಲ್ಲಿ 6 ವರ್ಷದ ಹುಡುಗಿಯೊಬ್ಬಳ ಮೇಲೆ ಬಿದ್ದ ಪ್ಯೂಮಾವನ್ನು ಜೊತೆಯಲ್ಲಿದ್ದ ಹಿರಿಯರೊಬ್ಬರು ಬಲವಾಗಿ ನೂಕಿದರು; ಹುಡುಗಿ ಸಣ್ಣ ಗಾಯಗಳೊಡನೆ ಪಾರಾದಳು. 2024ರ ಮಾರ್ಚಿಯಲ್ಲಿ ಆ ಸಂಸ್ಥಾನದ ಎಲ್‌ಡೊರಾಡೋ ಪ್ರಾಂತದ ಕಾಡಿನಲ್ಲಿ ಇಬ್ಬರು ಸೋದರರ ಮೇಲೆ ಪ್ಯೂಮಾ ಎರಗಿ, ಹಿರಿಯವನು ತೀರಿಕೊಂಡನು. ಕ್ಯಾಲಿಫೋರ್ನಿಯದಲ್ಲಿ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಪ್ಯೂಮಾದಿಂದಾದ ಮರಣ ಇದೊಂದೇ ಆಗಿದ್ದಿತು. ಉತ್ತರ ಅಮೆರಿಕವನ್ನೆಲ್ಲ ಸೇರಿಸಿ ನೋಡಿದರೂ ನೂರು ವರ್ಷಗಳಿಗೂ ಮೇಲ್ಪಟ್ಟ ಕಾಲದಲ್ಲಿ ಲೆಕ್ಕಕ್ಕೆ ಬಂದ ಇಂಥ ಮರಣಗಳು ಸುಮಾರು ಮೂವತ್ತು. ಮಗುವನ್ನು ಕಳೆದುಕೊಂಡ ತಾಯಿಗೆ ಈ ಅಂಕಿಗಳಿಂದ ಸಮಾಧಾನವಾಗದು. ಆದರೆ ಬೆಳಗಿನ ತಿರುಗಾಟಕ್ಕೆ ಹೊರಟವನು ಬೆಟ್ಟವನ್ನು ಸೇರುವ ಮುಂಚೆ ದಾಟಬೇಕಾದ ಮೋಟಾರು ರಸ್ತೆಯೇ ಬೆಟ್ಟಕ್ಕಿಂತ ಹೆಚ್ಚು ಅಪಾಯಕರವೆಂಬುದನ್ನು ಅವು ತೋರಿಸುತ್ತವೆ.

ಇಷ್ಟು ಬಲವುಳ್ಳ ಮೃಗವು ಇಷ್ಟು ಅಪೂರ್ವವಾಗಿ ಮನುಷ್ಯನ ತಂಟೆಗೆ ಬರುವುದಕ್ಕೆ ಕಾರಣವೇನು? ಸಾಂಟಾ ಕ್ರೂಜ್‌ನ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದನ್ನು ಒಂದು ಸರಳವಾದ ಪ್ರಯೋಗದಿಂದ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಪ್ಯೂಮಾವು ಜಿಂಕೆಯನ್ನು ಕೊಂದರೆ ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಎಲೆ ಕಡ್ಡಿಗಳಿಂದ ಮುಚ್ಚಿಟ್ಟು ಕೆಲವು ದಿನ ಮತ್ತೆ ಮತ್ತೆ ಬಂದು ತಿನ್ನುವುದು. ಅಂಥ ಸ್ಥಳಗಳ ಹತ್ತಿರ ವಿಜ್ಞಾನಿಗಳು ಒಂದು ಧ್ವನಿವರ್ಧಕವನ್ನೂ, ತಾನಾಗಿಯೇ ಚಿತ್ರ ತೆಗೆಯುವ ಯಂತ್ರವನ್ನೂ ಇಟ್ಟರು. ಪ್ಯೂಮಾ ಊಟಕ್ಕೆ ಬಂದಾಗ ಕೆಲವು ಸಲ ಕಪ್ಪೆಯ ಕೂಗನ್ನು, ಕೆಲವು ಸಲ ಮನುಷ್ಯರ ಮಾತನ್ನು ಕೇಳಿಸಿದರು. ಹೀಗೆ ಪರೀಕ್ಷೆಗೊಳಗಾದ ಪ್ಯೂಮಾಗಳು 17. ಕಪ್ಪೆಯ ಕೂಗಿಗೆ ಅವು ಒಮ್ಮೆ ಹೊರತು ಕದಲಲಿಲ್ಲ. ಮನುಷ್ಯನ ಮಾತು ಕೇಳಿದಾಗಲಾದರೋ ಐದರಲ್ಲಿ ನಾಲ್ಕು ಸಲಕ್ಕೂ ಮೇಲಾಗಿ ಊಟವನ್ನು ಬಿಟ್ಟು ಓಡಿದುವು. ಹಿಂದಿರುಗಿದ ಮೇಲೂ ತಿನ್ನುವ ಕಾಲವನ್ನು ಅರ್ಧಕ್ಕಿಂತ ಕಡಿಮೆಮಾಡಿಕೊಂಡುವು. ಆ ಧ್ವನಿಗಳಲ್ಲಿ ರೇಡಿಯೋದಲ್ಲಿ ರಾಜಕೀಯವನ್ನು ಚರ್ಚಿಸುವ ಪ್ರಸಿದ್ಧ ವಾಗ್ಮಿಗಳ ಮಾತೂ ಸೇರಿದ್ದಿತು. ರೇಡಿಯೋದಲ್ಲಿ ಭಾಷಣ ಮಾಡುವ ನಮ್ಮಂಥವರು ಇದರಿಂದ ಹೆಮ್ಮೆಪಡಬೇಕೋ ವಿನಯವನ್ನು ಕಲಿಯಬೇಕೋ ಶ್ರೋತೃಗಳೇ ತೀರ್ಮಾನಿಸಬಹುದು. ವಿಷಯವಂತೂ ಸ್ಪಷ್ಟ: ಪ್ಯೂಮಾ ನಮ್ಮನ್ನು ಬೇಟೆಯೆಂದು ಎಣಿಸುವುದಿಲ್ಲ, ಬೇಟೆಗಾರರೆಂದು ಎಣಿಸುವುದು.

ಈ ಭಯವು ಅಕಾರಣವಾದುದಲ್ಲ. 1907ರಿಂದ 1963ರವರೆಗೆ ಕ್ಯಾಲಿಫೋರ್ನಿಯಾ ಸರ್ಕಾರವು ಪ್ಯೂಮಾವನ್ನು ಕೊಂದವರಿಗೆ ಇನಾಮು ಕೊಡುತ್ತಿದ್ದಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಪ್ಯೂಮಾಗಳು ಹೀಗೆ ಹತವಾದುವು. 1972ರಲ್ಲಿ ಮೋಜಿನ ಬೇಟೆಗೆ ತಾತ್ಕಾಲಿಕ ತಡೆ ಬಂದಿತು. 1990ರಲ್ಲಿ ಪ್ರಜೆಗಳೇ ಮತ ಕೊಟ್ಟು ಅದನ್ನು ವಿಶೇಷ ರಕ್ಷಣೆಗೆ ಅರ್ಹವಾದ ಪ್ರಾಣಿಯನ್ನಾಗಿ ಮಾಡಿದರು.

ಈಗ ಹಲಗೆಯ ಮೇಲಿನ ನಿಯಮಗಳ ಅರ್ಥ ತಿಳಿಯುವುದು ಸುಲಭ. ಪ್ಯೂಮಾ ದೂರದವರೆಗೆ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವ ಜಾತಿಯಲ್ಲ. ಅದು ಹೊಂಚುಹಾಕಿ, ಸದ್ದಿಲ್ಲದೆ ಸಮೀಪಿಸಿ, ಹಿಂದಿನಿಂದ ಹಾರಿ, ಕತ್ತಿನ ಹಿಂಭಾಗವನ್ನು ಕಚ್ಚುವುದು. ನಾಲ್ಕು ಕಾಲಿನ ಮೇಲೆ ಬಗ್ಗಿರುವುದು, ಬೆನ್ನು ತೋರಿಸಿರುವುದು, ಓಡುತ್ತಿರುವುದು, ಇವು ಅದರ ಮಟ್ಟಿಗೆ ಜಿಂಕೆಯ ಲಕ್ಷಣಗಳು. ನೆಟ್ಟಗೆ ನಿಂತಿರುವುದು, ಮುಖವೆತ್ತಿ ನೋಡುತ್ತಿರುವುದು, ಮಾತನಾಡುವುದು, ಇವು ಮನುಷ್ಯನ ಲಕ್ಷಣಗಳು. ಆದುದರಿಂದ ಎಲ್ಲ ನಿಯಮಗಳ ತಿರುಳೂ ಒಂದೇ: ಪ್ಯೂಮಾದ ಮುಂದೆ ನಾವು ಮನುಷ್ಯರಾಗಿಯೇ ಇರಬೇಕು, ಜಿಂಕೆಯಂತೆ ವರ್ತಿಸಬಾರದು. ಓಡಿದವನು ತಾನು ಬೇಟೆಯೆಂದು ಅದಕ್ಕೆ ತಾನೇ ಸಾರಿದಂತಾಗುವುದು. ಬೆನ್ನು ತಿರುಗಿಸದೆ, ಅದನ್ನೇ ನೋಡುತ್ತ, ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯಬೇಕು. ಕೈಗಳನ್ನು ಮೇಲೆತ್ತಿಯೋ ಅಂಗಿಯನ್ನು ಅಗಲಿಸಿ ಹಿಡಿದೋ ಆಕಾರವನ್ನು ದೊಡ್ಡದಾಗಿ ತೋರಿಸಬೇಕು. ಗಟ್ಟಿಯಾಗಿ, ದೃಢವಾಗಿ ಮಾತನಾಡಬೇಕು. ಕನ್ನಡದಲ್ಲಿ ಗದರಿಸಿದರೂ ಅದಕ್ಕೆ ಅರ್ಥವಾಗುವುದೆಂಬುದರಲ್ಲಿ ಸಂದೇಹವಿಲ್ಲ. ಚಿಕ್ಕ ಮಕ್ಕಳಿದ್ದರೆ, ಅವರು ಹೆದರಿ ಓಡುವುದಕ್ಕೆ ಮುಂಚೆ, ಆದಷ್ಟು ಬಗ್ಗದೆ ಎತ್ತಿಕೊಳ್ಳಬೇಕು. ಮೃಗಕ್ಕೆ ತಪ್ಪಿಸಿಕೊಂಡು ಹೋಗಲು ದಾರಿಯಿರುವಂತೆ ನೋಡಿಕೊಳ್ಳಬೇಕು, ಅದನ್ನು ಸುತ್ತುಗಟ್ಟಬಾರದು. ಇಷ್ಟಾದರೂ ಹತ್ತಿರ ಬಂದರೆ ಕೈಗೆ ಸಿಕ್ಕಿದ ಕಲ್ಲು ಕೋಲುಗಳನ್ನು ಎಸೆಯಬೇಕು. ಮೈಮೇಲೆ ಬಿದ್ದರೆ ಸತ್ತಂತೆ ಮಲಗಕೂಡದು. ಕತ್ತನ್ನು ಕಾಪಾಡಿಕೊಂಡು, ಎದ್ದು ನಿಲ್ಲಲು ಯತ್ನಿಸುತ್ತ ಕೈಲಾದಮಟ್ಟಿಗೆ ಹೋರಾಡಬೇಕು. ಕ್ಯೂಪರ್ಟಿನೋ ಪ್ರದೇಶದ ಆ ಎರಡು ಮಕ್ಕಳೂ ಉಳಿದುದು ಹಿರಿಯರು ಹಿಂಜರಿಯದೆ ಎದುರಿಸಿದುದರಿಂದಲೇ.

ಇದಕ್ಕೆ ಒಂದು ಪ್ರಸಿದ್ಧ ದೃಷ್ಟಾಂತವನ್ನು ಹೇಳಬಹುದು. 2020ರ ಅಕ್ಟೋಬರಿನಲ್ಲಿ ಯೂಟಾ ಸಂಸ್ಥಾನದ ಪ್ರೋವೋ ನಗರದ ಬಳಿಯ ಕಣಿವೆಯಲ್ಲಿ ವ್ಯಾಯಾಮಕ್ಕಾಗಿ ಓಡುತ್ತಿದ್ದ ತರುಣನೊಬ್ಬನು ದಾರಿಯಲ್ಲಿ ಚಿಕ್ಕ ಮರಿಗಳನ್ನು ಕಂಡು ತನ್ನ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆಯತೊಡಗಿದನು. ಆಗಲೇ ತಾಯಿ ಹೊರಬಂದಿತು. ಮುಂದಿನ ಆರು ನಿಮಿಷಗಳ ಕಾಲ ಅದು ಅವನ ಕಡೆಗೆ ನಡೆದು ಬರುತ್ತ, ನಡುನಡುವೆ ಹಲ್ಲು ಕಿರಿದು ಮುಂಗಾಲುಗಳನ್ನು ನೆಲಕ್ಕಪ್ಪಳಿಸಿ ಹಾರಿಬೀಳುವಂತೆ ನಟಿಸುತ್ತ ಬಂದಿತು. ಅವನು ಓಡಲಿಲ್ಲ, ಅದರ ಮುಖವನ್ನೇ ನೋಡುತ್ತ, ನಿಲ್ಲದೆ ಕೂಗಾಡುತ್ತ, ಹಿಂದಹಿಂದಕ್ಕೆ ನಡೆದನು. ಕೊನೆಗೆ ಒಂದು ಕಲ್ಲನ್ನೆತ್ತಿ ಎಸೆದೊಡನೆ ಪ್ಯೂಮಾ ತಿರುಗಿ ಓಡಿಹೋಯಿತು. ಅವನು ತೆಗೆದ ಚಿತ್ರವನ್ನು ಲೋಕವೆಲ್ಲ ನೋಡಿ ಬೆವರಿತು. ಆದರೆ ನೋಡಿದ ತಜ್ಞರಿಗೆ ಕಂಡುದು ಬೇಟೆಯಲ್ಲ. ಪ್ಯೂಮಾ ನಿಜವಾಗಿ ಬೇಟೆಯಾಡಿದ್ದರೆ ಅದು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ. ತಾಯಿಯೊಂದು ತನ್ನ ಮರಿಗಳಿಂದ ಅಪರಿಚಿತನನ್ನು ದೂರಕ್ಕೆ ಸಾಗಹಾಕುತ್ತಿದ್ದಿತು, ಅಷ್ಟೆ. ಕಲ್ಲನ್ನೆತ್ತಲು ಬಗ್ಗುವುದಕ್ಕೂ ಅವನು ಸಮಯವನ್ನು ಕಾದುದು ವಿವೇಕವೇ ಆಗಿದ್ದಿತು.

ಎದುರಾದ ಮೇಲಿನ ಉಪಾಯಕ್ಕಿಂತ ಎದುರಾಗದಂತಿರುವುದು ಮೇಲು. ಪ್ಯೂಮಾ ಹೆಚ್ಚಾಗಿ ಸಂಚರಿಸುವುದು ಸಂಜೆಯ ಮಬ್ಬಿನಿಂದ ಬೆಳಗಿನ ನಸುಕಿನವರೆಗೆ. ಬೆಟ್ಟದ ದಾರಿಗೆ ಬಿಸಿಲೇರಿದ ಮೇಲೆ ಹೋಗಬಹುದು. ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಮೂವರು ಮಾತನಾಡುತ್ತ ಹೋಗುವುದು ಲೇಸು. ಮಕ್ಕಳು ಮುಂದೋಡದೆ, ಹಿಂದುಳಿಯದೆ ಹಿರಿಯರ ನಡುವೆ ನಡೆಯಲಿ. ಕಿವಿಗೆ ಸಂಗೀತದ ಯಂತ್ರವನ್ನು ಸಿಕ್ಕಿಸಿಕೊಂಡು ನಡೆಯುವವನು ತನ್ನ ಅರ್ಧ ಎಚ್ಚರವನ್ನು ಮನೆಯಲ್ಲಿಯೇ ಬಿಟ್ಟುಬಂದಂತೆ. ಮನೆಯ ಹತ್ತಿರ ಜಿಂಕೆಗಳಿಗೆ ಆಹಾರವಿಟ್ಟು ಸಲಹುವುದು ದಯೆಯಂತೆ ಕಂಡರೂ ಅದು ಪ್ಯೂಮಾವನ್ನು ಊಟಕ್ಕೆ ಕರೆದಂತೆಯೇ ಸರಿ. ನಾಯಿ ಬೆಕ್ಕುಗಳನ್ನು ರಾತ್ರಿ ಹೊರಗೆ ಬಿಡಬಾರದು. ಮೇಕೆ ಕುರಿಗಳನ್ನು ಸಾಕುವವರು ಅವುಗಳನ್ನು ಮೇಲ್ಛಾವಣಿಯಿರುವ ಭದ್ರವಾದ ಕೊಟ್ಟಿಗೆಯಲ್ಲಿ ಕೂಡಬೇಕು. ಬರಿಯ ಬೇಲಿಯನ್ನು ಪ್ಯೂಮಾ ಲೀಲಾಜಾಲವಾಗಿ ಹಾರಿಬಿಡುವುದು.

ಇದುವರೆಗೆ ನಮ್ಮ ಕ್ಷೇಮದ ಮಾತಾಯಿತು. ಈ ಸಂದರ್ಶನದಲ್ಲಿ ಎರಡು ಪಕ್ಷಗಳಿವೆ. ಹೆಚ್ಚಿನ ನಷ್ಟವನ್ನು ಅನುಭವಿಸಿದುದು ಮತ್ತೊಂದು ಪಕ್ಷ. 2012ರ ಡಿಸೆಂಬರಿನಲ್ಲಿ ಹಾಫ್ ಮೂನ್ ಬೇ ಎಂಬ ಸಮುದ್ರತೀರದ ಊರಿನಲ್ಲಿ ಮನೆಗಳ ಹತ್ತಿರಕ್ಕೆ ಬಂದ ಎರಡು ಪ್ಯೂಮಾಗಳನ್ನು ಅಧಿಕಾರಿಗಳು ಗುಂಡಿಟ್ಟು ಕೊಂದರು. ಆಮೇಲೆ ನೋಡಿದರೆ ಅವು ಮನೆಯ ಬೆಕ್ಕಿಗಿಂತ ಸ್ವಲ್ಪ ದೊಡ್ಡವಾದ ಮರಿಗಳಾಗಿದ್ದುವು. ಜನರು ಬಹಳವಾಗಿ ಕಳವಳಗೊಂಡರು, 2013ರಲ್ಲಿ ಶಾಸನವೊಂದಾಯಿತು. ಜನರಿಗೆ ಕೂಡಲೇ ಪ್ರಾಣಾಪಾಯವಿಲ್ಲದ ಪಕ್ಷದಲ್ಲಿ ಪ್ಯೂಮಾವನ್ನು ಕೊಲ್ಲದೆ ಬೇರೆ ಉಪಾಯಗಳನ್ನೇ ಮಾಡತಕ್ಕದ್ದೆಂದು ಅದು ವಿಧಿಸುತ್ತದೆ. ಹೆದರಿದವನ ಕಣ್ಣಿಗೆ ಮರಿಯೂ ಮೃಗರಾಜನಾಗಿ ಕಾಣುವುದೆಂಬುದು ಆ ಊರಿನವರು ಕಲಿತ ಪಾಠ.

ಲಾಸ್ ಏಂಜಲೀಸ್ ನಗರದಲ್ಲಿ ಇನ್ನೊಂದು ಕಥೆ ನಡೆಯಿತು. ಅಲ್ಲಿನ ಸಾಂಟಾ ಮೋನಿಕಾ ಪರ್ವತಗಳ ಪ್ಯೂಮಾಗಳಿಗೆ ರಾಷ್ಟ್ರೀಯ ವನಗಳ ಇಲಾಖೆಯವರು 2002ರಿಂದ ಕೊರಳಪಟ್ಟಿ ತೊಡಿಸಿ ಅವುಗಳ ಸಂಚಾರವನ್ನು ಗಮನಿಸುತ್ತ ಬಂದಿರುವರು. ಅವುಗಳಲ್ಲಿ 22ನೆಯ ಸಂಖ್ಯೆಯ ಗಂಡೊಂದು ಎರಡು ಭಾರಿ ಹೆದ್ದಾರಿಗಳನ್ನು ಹೇಗೋ ದಾಟಿ, 2012ರಲ್ಲಿ ನಗರದ ನಡುವೆಯೇ ಇರುವ ಗ್ರಿಫಿತ್ ಉದ್ಯಾನದಲ್ಲಿ ಕಾಣಿಸಿಕೊಂಡಿತು. ನೂರು ಚದರ ಮೈಲಿ ಬೇಕಾದ ಪ್ರಾಣಿ ಸುಮಾರು ಒಂಬತ್ತು ಚದರ ಮೈಲಿಯಲ್ಲಿ, ಸಂಗಾತಿಯಿಲ್ಲದೆ, ಹತ್ತು ವರ್ಷ ಬಾಳಿತು. ಲಕ್ಷಾಂತರ ಜನ ಬಂದುಹೋಗುವ ಆ ಉದ್ಯಾನದಲ್ಲಿ ಒಬ್ಬರನ್ನೂ ಅದು ನೋಯಿಸಲಿಲ್ಲ. ಆದರೆ ಮನುಷ್ಯರ ನೆರೆಹೊರೆ ಅದನ್ನು ನೋಯಿಸದೆ ಬಿಡಲಿಲ್ಲ. 2014ರಲ್ಲಿ ಅದಕ್ಕೆ ಕಜ್ಜಿ ಹತ್ತಿತು. ರಕ್ತದಲ್ಲಿ ಇಲಿಪಾಷಾಣದ ಅಂಶಗಳು ಸಿಕ್ಕಿದುವು. ಇಲಿಗೆ ಇಟ್ಟ ವಿಷವು ಇಲಿಯನ್ನು ತಿಂದ ಪ್ರಾಣಿಗೆ, ಅದರಿಂದ ಅದನ್ನು ತಿಂದ ಪ್ಯೂಮಾಕ್ಕೆ ಹೀಗೆ ಏರುತ್ತ ಹೋಗುವುದು. ಅಂಥ ತೀವ್ರ ಪಾಷಾಣಗಳ ಬಳಕೆಯನ್ನು ಕ್ಯಾಲಿಫೋರ್ನಿಯಾ ಸರ್ಕಾರವು 2021ರಿಂದ ಬಹುಮಟ್ಟಿಗೆ ನಿಷೇಧಿಸಿತು. 2022ರ ಕೊನೆಗೆ, ಮುಪ್ಪಾಗಿದ್ದ 22ನೆಯ ಪ್ಯೂಮಾ ಸಾಕುನಾಯಿಗಳ ಮೇಲೆ ಬೀಳತೊಡಗಿತು. ಹಿಡಿದು ಪರೀಕ್ಷಿಸಿದಾಗ ತಲೆಬುರುಡೆ ಒಡೆದಿದ್ದಿತು. ಮೋಟಾರು ಗಾಡಿ ಬಡಿದಿರಬೇಕು. ಮೂತ್ರಪಿಂಡವೂ ಹೃದಯವೂ ಕೆಟ್ಟಿದ್ದುವು. ಡಿಸೆಂಬರ್ 17ರಂದು ವೈದ್ಯರು ಅದಕ್ಕೆ ನೋವಿಲ್ಲದ ಮರಣವನ್ನು ಕೊಟ್ಟರು. ಮುಂದಿನ ಫೆಬ್ರವರಿಯಲ್ಲಿ ಸಾವಿರಾರು ಮಂದಿ ನಗರವಾಸಿಗಳು ಒಂದು ರಂಗಮಂದಿರದಲ್ಲಿ ನೆರೆದು ಅದಕ್ಕಾಗಿ ಸ್ಮರಣಸಭೆ ನಡೆಸಿದರು. ತಲೆಗೆ ಇನಾಮು ಕಟ್ಟಿದ್ದ ಸಂಸ್ಥಾನದಲ್ಲಿ ಅರವತ್ತೇ ವರ್ಷಗಳಲ್ಲಿ ಆದ ಮಾರ್ಪಾಟು ಇದು.

ಆ ಜನ ಕಣ್ಣೀರಿಗೆ ನಿಲ್ಲಲಿಲ್ಲವೆಂಬುದು ಮುಖ್ಯ. ಹೆದ್ದಾರಿಗಳ ಗೋಡೆಯೊಳಗೆ ಸಿಕ್ಕಿದ ಪ್ಯೂಮಾಗಳು ರಕ್ತಸಂಬಂಧಿಗಳೊಡನೆಯೇ ಕೂಡಬೇಕಾಗಿ ವಂಶವು ಕೆಡುತ್ತದೆ. 2020ರಲ್ಲಿ ಬಾಲದ ತುದಿ ಸೊಟ್ಟಗಾದ ಪ್ಯೂಮಾವೊಂದು ಅಲ್ಲಿ ಕಾಣಿಸಿಕೊಂಡಿತು. ಇದಕ್ಕೆ ಪರಿಹಾರವಾಗಿ ಅಗೌರಾ ಹಿಲ್ಸ್ ಎಂಬಲ್ಲಿ ಹತ್ತು ಸಾಲುಗಳ ಹೆದ್ದಾರಿಯ ಮೇಲೆ, ಮಣ್ಣು ಹಾಸಿ ಗಿಡಮರಗಳನ್ನು ನೆಟ್ಟು, ಕಾಡುಪ್ರಾಣಿಗಳಿಗೆಂದೇ ಒಂದು ಸೇತುವೆಯ ಕೆಲಸವನ್ನು 2022ರ ಏಪ್ರಿಲಿನಲ್ಲಿ ಪ್ರಾರಂಭಿಸಿದರು.

ಇದನ್ನು ಕೇಳುವಾಗ ನಮ್ಮ ಚಿರತೆಯ ನೆನಪಾಗದೆ ಇರದು. ಚಾಮುಂಡಿಬೆಟ್ಟದ ಸುತ್ತಲೂ ಬನ್ನೇರುಘಟ್ಟದ ಅಂಚಿನಲ್ಲಿಯೂ ಅದು ನಮ್ಮ ನೆರೆಯವನೇ. ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಚಿರತೆಯ ವಂಶ ಬೇರೆ. ಮನುಷ್ಯರ ಮೇಲೆರಗಿದ ಅದರ ಚರಿತ್ರೆ ಪ್ಯೂಮಾದ್ದಕ್ಕಿಂತ ಬಹಳ ಕಠಿನವಾದುದು. 1926ರಲ್ಲಿ ಜಿಮ್ ಕಾರ್ಬೆಟ್ಟರು ಕೊಂದ ರುದ್ರಪ್ರಯಾಗದ ಚಿರತೆಗೆ ಸಮನಾದ ಪ್ಯೂಮಾವನ್ನು ಯಾರೂ ಕಂಡಿಲ್ಲ. ಆದುದರಿಂದ ಪ್ಯೂಮಾವನ್ನು ಬೆದರಿಸುವ ಉಪಾಯಗಳನ್ನು ನಂಬಿ ಚಿರತೆಯ ಹತ್ತಿರ ಹೋಗುವುದು ಸಲ್ಲದು. ಎರಡಕ್ಕೂ ಒಪ್ಪುವ ಮಾತೆಂದರೆ, ಓಡಬಾರದು, ಸುತ್ತುಗಟ್ಟಬಾರದು, ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚಬಾರದು ಎಂಬುದು. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಪೂರ್ವಭಾಗದ ಶಾಲೆಯೊಂದಕ್ಕೆ ಚಿರತೆ ನುಗ್ಗಿದ ದಿನ, ಸಿಕ್ಕಿಬಿದ್ದ ಪ್ರಾಣಿ ಬಿಡುಗಡೆಗಾಗಿ ಎಷ್ಟು ಉಗ್ರವಾಗಿ ಹೋರಾಡುವುದೆಂಬುದನ್ನು ನಾವೆಲ್ಲ ನೋಡಿರುವೆವು. ಹಿಡಿಯಹೋದ ಹಲವರು ಗಾಯಗೊಂಡರು. ಊರಿಗೆ ಮೃಗ ಬಂದ ಸುದ್ದಿ ಹಬ್ಬಿದರೆ ಮನೆಯ ಬಾಗಿಲು ಹಾಕಿಕೊಂಡು ಅರಣ್ಯದ ಇಲಾಖೆಯವರಿಗೆ ತಿಳಿಸುವುದು ನಾಗರಿಕನ ಕೆಲಸ. ನೋಡುವುದಕ್ಕೆಂದು ಗುಂಪುಗೂಡುವುದು ಅದಕ್ಕೂ ಅಪಾಯ, ನಮಗೂ ಅಪಾಯ.

ಮೃಗವನ್ನು ಕಂಡರೆ ಭಯವಾಗುವುದು ಸಹಜ. ಅದನ್ನು ನಾಚಿಕೆಯೆಂದು ತಿಳಿಯಬೇಕಾಗಿಲ್ಲ. ಆದರೆ ಬರಿಯ ಭಯವು ಒಬ್ಬನನ್ನು ಓಡಿಸಿ ಅವನನ್ನೇ ಬೇಟೆಯನ್ನಾಗಿ ಮಾಡುವುದು. ಒಂದು ಊರನ್ನೇ ಹಿಡಿದರೆ ಮರಿಗಳ ಮೇಲೆ ಗುಂಡು ಹಾರಿಸುವುದು. ಆ ಭಯಕ್ಕೆ ಪ್ರಾಣಿಯ ಸ್ವಭಾವದ ತಿಳಿವಳಿಕೆ ಸೇರಿದಾಗ ಅದು ಎಚ್ಚರಿಕೆಯಾಗುವುದು. ಬೆಟ್ಟದ ಮೇಲೆ ಪ್ಯೂಮಾ ಇದೆಯೆಂದು ಅಲ್ಲಿನ ನಮ್ಮವರು ತಿರುಗಾಟವನ್ನು ಬಿಡಬೇಕಾಗಿಲ್ಲ. ಸೂರ್ಯೋದಯವಾಗುವವರೆಗೆ ಕಾದು, ಜೊತೆಗೊಬ್ಬರನ್ನು ಕರೆದುಕೊಂಡು, ಮೊಮ್ಮಗುವಿನ ಕೈಹಿಡಿದು, ನಾಲ್ಕು ಮಾತನಾಡುತ್ತ ಹೋದರೆ ಸಾಕು. ಅವರ ಮಾತನ್ನು ಕೇಳಿ ಪೊದೆಯ ಮರೆಯಲ್ಲಿರುವ ಪ್ರಾಣಿ ತಾನಾಗಿಯೇ ದೂರ ಸರಿಯುವುದು. ಅದು ಅಲ್ಲಿದ್ದಿತೆಂಬುದೂ ಬಹುಶಃ ಅವರಿಗೆ ತಿಳಿಯದು.